ಹೊಡೆದುಹಾಕಿದ ಕಲಂ ಪುಸ್ತಕದಲ್ಲೇ ಉಳಿದರೆ

ಕಾನೂನು ಸಲಹೆ: ಓದುಗರ ಪ್ರಶ್ನೆಗಳಿಗೆ ಮೈಸೂರಿನ ವಕೀಲರೊಬ್ಬರ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಐದು ಪತ್ರಗಳು ಒಂದೇ ವಿಷಯವನ್ನು ಬೇರೆ ಬೇರೆ ಕಡೆಯಿಂದ ಕೇಳಿದ್ದವು: ಸಲಿಂಗ ಸಂಬಂಧವನ್ನು ಅಪರಾಧವೆನ್ನುತ್ತಿದ್ದ ಕಾನೂನನ್ನು ನ್ಯಾಯಾಲಯ ಹೊಡೆದುಹಾಕಿದ ಮೇಲೆ ಏನಾಗುತ್ತದೆ? ಹೀಗಾಗಿ ಜಮೀನು, ಪಾಲುಪಾರಿಕತ್ತುಗಳ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡು, ಈ ಐದಕ್ಕೇ ಅಂಕಣವನ್ನು ಮೀಸಲಿಟ್ಟಿದ್ದೇನೆ. ಪತ್ರ ಬರೆದವರ ಹೆಸರು, ಗುರುತುಗಳನ್ನು ಬಿಟ್ಟಿದ್ದೇನೆ.

ಪ್ರಶ್ನೆ: ನಾನು ಮಂಡ್ಯದ ನಿವೃತ್ತ ಪ್ರೌಢಶಾಲಾ ಶಿಕ್ಷಕಿ. ನನ್ನ ಒಬ್ಬನೇ ಮಗ ಅಮೆರಿಕದ ಟೆಕ್ಸಾಸ್ ರಾಜ್ಯದ ಹ್ಯೂಸ್ಟನ್ ನಗರದಲ್ಲಿ ಕೆಲಸದಲ್ಲಿದ್ದಾನೆ. ತಾನು ಇನ್ನೊಬ್ಬ ಗಂಡಸಿನ ಜೊತೆ ಬಾಳುತ್ತಿರುವುದಾಗಿ ಎರಡು ವರ್ಷಗಳ ಹಿಂದೆ ನನಗೆ ಹೇಳಿದ. ಒಪ್ಪಿಕೊಳ್ಳಲು ನನಗೆ ಸಮಯ ಹಿಡಿಯಿತು, ಈಗ ಒಪ್ಪಿದ್ದೇನೆ. ಆದರೆ ಹೋದ ತಿಂಗಳು ಸಂಬಂಧಿಕರೊಬ್ಬರು ಆ ರಾಜ್ಯದ ದಂಡ ಸಂಹಿತೆಯ ಪುಟವೊಂದನ್ನು ಮೊಬೈಲಿನಲ್ಲಿ ತೋರಿಸಿ, “ನೋಡಿ, ಅಲ್ಲಿ ಇದು ಅಪರಾಧ” ಎಂದರು. ಮಗನನ್ನು ಕೇಳಿದರೆ, “ಅಮ್ಮ, ಅದನ್ನು ಕೋರ್ಟು 2003ರಲ್ಲೇ ಹೊಡೆದುಹಾಕಿದೆ, ನೀನು ಸುಮ್ಮನೆ ಚಿಂತೆ ಮಾಡಬೇಡ” ಎನ್ನುತ್ತಾನೆ. ಹೊಡೆದುಹಾಕಿದ್ದರೆ ಅದು ಪುಸ್ತಕದಲ್ಲಿ ಏಕಿದೆ? ಪೊಲೀಸರು ಅವನನ್ನು ಹಿಡಿಯಬಹುದೆ? ಬರುವ ಯುಗಾದಿಗೆ ಇಬ್ಬರೂ ಊರಿಗೆ ಬರುವವರಿದ್ದಾರೆ. ಇಲ್ಲಿ ಏನಾದರೂ ತೊಂದರೆಯಾದೀತೆ?

ಉತ್ತರ: ಮೊದಲು ನಿಮ್ಮ ಭಯಕ್ಕೆ ಉತ್ತರ ಹೇಳಿಬಿಡುತ್ತೇನೆ, ಕಾರಣಗಳನ್ನು ಆಮೇಲೆ ನೋಡೋಣ. ನಿಮ್ಮ ಮಗ ಹೇಳಿದ್ದು ನಿಜ. ಆ ಕಲಮಿನ ಮೇಲೆ ಅವರನ್ನಾಗಲಿ ಅವರ ಸಂಗಾತಿಯನ್ನಾಗಲಿ ಯಾವ ನ್ಯಾಯಾಲಯವೂ ಶಿಕ್ಷಿಸಲಾರದು. ಮಂಡ್ಯದಲ್ಲಿಯೂ ಅವರು ಯಾವ ಅಪರಾಧವನ್ನೂ ಮಾಡಿದಂತಾಗುವುದಿಲ್ಲ. ಯುಗಾದಿಗೆ ಅವರು ನೆಮ್ಮದಿಯಿಂದ ಬರಲಿ.

ನಿಮ್ಮ ಸಂಬಂಧಿಕರು ತೋರಿಸಿದ್ದೂ ಸುಳ್ಳಲ್ಲ. ಅದು ಟೆಕ್ಸಾಸ್ ದಂಡ ಸಂಹಿತೆಯ 21.06ನೇ ಕಲಂ, ಒಂದೇ ಲಿಂಗದ ಇಬ್ಬರ ನಡುವಿನ ಲೈಂಗಿಕ ಸಂಪರ್ಕವನ್ನು ದಂಡ ವಿಧಿಸಬಹುದಾದ ಅಪರಾಧ ಎನ್ನುತ್ತದೆ. 1998ರ ಸೆಪ್ಟೆಂಬರಿನ ಒಂದು ರಾತ್ರಿ, ಯಾರೋ ಬಂದೂಕು ಹಿಡಿದು ಗಲಾಟೆ ಮಾಡುತ್ತಿದ್ದಾನೆಂಬ ಸುಳ್ಳು ದೂರಿನ ಮೇಲೆ ಪೊಲೀಸರು ಹ್ಯೂಸ್ಟನ್ ಸೀಮೆಯ ಒಂದು ಮನೆಯೊಳಗೆ ನುಗ್ಗಿ, ಜಾನ್ ಲಾರೆನ್ಸ್ ಮತ್ತು ಟೈರನ್ ಗಾರ್ನರ್ ಎಂಬ ಇಬ್ಬರು ವಯಸ್ಕರನ್ನು ಈ ಕಲಮಿನಡಿ ಬಂಧಿಸಿದರು. ತಲಾ 200 ಡಾಲರ್ ದಂಡ ಬಿತ್ತು. ಅವರು ದಂಡ ಕಟ್ಟಿ ಸುಮ್ಮನಾಗಲಿಲ್ಲ. ಪ್ರಕರಣ ಅಮೆರಿಕದ ಸುಪ್ರೀಂ ಕೋರ್ಟನ್ನು ಮುಟ್ಟಿತು. 2003ರ ಜೂನ್ 26ರಂದು ಆರು ನ್ಯಾಯಮೂರ್ತಿಗಳು ಒಂದು ಕಡೆ, ಮೂವರು ಇನ್ನೊಂದು ಕಡೆ ನಿಂತು ಬಂದ ತೀರ್ಪು ಆ ಕಲಮನ್ನು ಅಸಾಂವಿಧಾನಿಕವೆಂದು ಸಾರಿತು. ಇಂಥದೇ ಕಾನೂನನ್ನು ಎತ್ತಿಹಿಡಿದಿದ್ದ 1986ರ ತನ್ನದೇ ತೀರ್ಪು ಅಂದೂ ತಪ್ಪಾಗಿತ್ತು, ಇಂದೂ ತಪ್ಪು ಎಂದು ನ್ಯಾಯಮೂರ್ತಿ ಕೆನಡಿ ನೇರವಾಗಿಯೇ ಬರೆದರು. ಆ ಹೊತ್ತಿಗೆ ಅಮೆರಿಕದ 13 ರಾಜ್ಯಗಳಲ್ಲಿ ಇಂಥ ಕಾನೂನುಗಳು ಉಳಿದಿದ್ದವು.

ಹಾಗಿದ್ದರೆ ಪುಸ್ತಕದಲ್ಲಿ ಏಕಿದೆ? ನ್ಯಾಯಾಲಯಕ್ಕೆ ಕಾನೂನನ್ನು ಶೂನ್ಯವೆಂದು ಸಾರುವ ಅಧಿಕಾರವಿದೆ; ಶಾಸನದ ಪುಸ್ತಕದಿಂದ ಒಂದು ಸಾಲನ್ನು ಅಳಿಸುವ ಅಧಿಕಾರ ಅದಕ್ಕಿಲ್ಲ. ಅಳಿಸಬೇಕಾದದ್ದು ಅದನ್ನು ಬರೆದ ಶಾಸನಸಭೆ. ಅಮೆರಿಕದಲ್ಲಿಯೂ ಹೀಗೆಯೇ, ನಮ್ಮಲ್ಲಿಯೂ ಹೀಗೆಯೇ. ಶಾಸಕರಿಗೆ ಮನಸ್ಸಿಲ್ಲದಿದ್ದರೆ ಸತ್ತ ಕಲಂ ಹತ್ತಾರು ವರ್ಷ ಅಚ್ಚಾಗುತ್ತಲೇ ಹೋಗುತ್ತದೆ. ಟೆಕ್ಸಾಸಿನಲ್ಲಿ ಅದನ್ನು ತೆಗೆಯುವ ಮಸೂದೆಗಳು ಮತ್ತೆ ಮತ್ತೆ ಮಂಡನೆಯಾದವು, ಮತ್ತೆ ಮತ್ತೆ ಬಿದ್ದುಹೋದವು.

ನೀವು ಶಿಕ್ಷಕಿಯಾಗಿದ್ದವರಾದ್ದರಿಂದ ಇನ್ನೊಂದು ಸಂಗತಿಯನ್ನು ನಿಮ್ಮ ಗಮನಕ್ಕೆ ತರಬೇಕು. ಟೆಕ್ಸಾಸಿನ ಆರೋಗ್ಯ ಮತ್ತು ಸುರಕ್ಷತಾ ಸಂಹಿತೆಯಲ್ಲಿ ಮಕ್ಕಳ ಲೈಂಗಿಕ ಶಿಕ್ಷಣಕ್ಕೆ ಸಂಬಂಧಪಟ್ಟ ಭಾಗವಿದೆ. ಸಲಿಂಗ ಸಂಬಂಧವು ದಂಡ ಸಂಹಿತೆಯ 21.06ನೇ ಕಲಮಿನಡಿ ಅಪರಾಧ ಎಂದು ಪಾಠದ ಸಾಮಗ್ರಿಯಲ್ಲಿ ಹೇಳಬೇಕೆಂದು ಅಲ್ಲಿ ಬರೆದಿದೆ. ದೇಶದ ಅತ್ಯುನ್ನತ ನ್ಯಾಯಾಲಯ ಹೊಡೆದುಹಾಕಿದ ನಂತರವೂ, ಒಬ್ಬ ಮೇಷ್ಟರು ತರಗತಿಯಲ್ಲಿ ನಿಂತು ಹದಿನಾಲ್ಕು ವರ್ಷದ ಹುಡುಗನಿಗೆ “ನೀನು ಅಪರಾಧಿ” ಎಂದು ಕಲಿಸಲು ಅನುವಾಗುವ ಆ ಸಾಲುಗಳು ಹಾಗೆಯೇ ಉಳಿದಿವೆ. ಒಂದು ಕಲಂ ಎಂದೂ ಒಂದೇ ಜಾಗದಲ್ಲಿ ಇರುವುದಿಲ್ಲ. ಅದನ್ನು ನೆಚ್ಚಿಕೊಂಡು ಬೇರೆ ಬೇರೆ ಕಾಯ್ದೆಗಳಲ್ಲಿ ಬೇರೆ ಬೇರೆ ಸಾಲುಗಳು ಹುಟ್ಟಿರುತ್ತವೆ.

ಪೊಲೀಸರ ಬಗ್ಗೆ ಕೇಳಿದ್ದೀರಿ. ಶಿಕ್ಷೆಯಾಗುವುದಿಲ್ಲ ಎಂದೆ, ಕಿರುಕುಳವೇ ಆಗುವುದಿಲ್ಲ ಎಂದು ಹೇಳಿದರೆ ಸುಳ್ಳು ಹೇಳಿದಂತಾಗುತ್ತದೆ. 2009ರಲ್ಲಿ ಅದೇ ರಾಜ್ಯದ ಎಲ್ ಪಾಸೊ ಊರಿನ ಒಂದು ಹೋಟೆಲಿನಲ್ಲಿ ಇಬ್ಬರು ಗಂಡಸರು ಮುತ್ತಿಟ್ಟುಕೊಂಡರೆಂದು ಗಲಾಟೆಯಾದಾಗ, ಬಂದ ಪೊಲೀಸರು ಅದು ಕಾನೂನಿಗೆ ವಿರುದ್ಧ ಎಂದೇ ಹೇಳಿದ್ದರು. ಲೂಯಿಸಿಯಾನ ರಾಜ್ಯದ ಬ್ಯಾಟನ್ ರೂಜ್ ಸೀಮೆಯಲ್ಲಿ 2011ರಿಂದ 2013ರವರೆಗೆ ಹನ್ನೆರಡು ಮಂದಿಯನ್ನಾದರೂ ಇಂಥದೇ ಸತ್ತ ಕಲಮಿನ ಮೇಲೆ ಹಿಡಿದೊಯ್ದರು. ಅಪರಾಧವೇ ಇಲ್ಲವೆಂದು ಸರ್ಕಾರಿ ವಕೀಲರು ಮೊಕದ್ದಮೆ ನಡೆಸಲು ಒಪ್ಪಲಿಲ್ಲ. ಆ ಕಲಂ ಹೇಗೂ ಜಾರಿಯಾಗಲಾರದೆಂದು ಇಷ್ಟು ಬಯಲಾದ ಮೇಲೂ, 2014ರಲ್ಲಿ ಅದನ್ನು ತೆಗೆಯುವ ಮಸೂದೆಗೆ ಅಲ್ಲಿನ ಕೆಳಮನೆಯಲ್ಲಿ 27 ಮತ ಪರವಾಗಿ, 66 ಮತ ವಿರುದ್ಧವಾಗಿ ಬಿದ್ದವು. ಆದ್ದರಿಂದ ನಿಮ್ಮ ಮಗ ಅಲ್ಲಿ ಒಬ್ಬ ವಕೀಲರ ದೂರವಾಣಿ ಸಂಖ್ಯೆಯನ್ನು ಬಳಿಯಲ್ಲಿ ಇಟ್ಟುಕೊಂಡಿರಲಿ. ಅದು ಯಾವ ಊರಿನಲ್ಲಿರುವವರಿಗೂ ನಾನು ಹೇಳುವ ಮಾತೇ.

ಇನ್ನೊಂದು ಆತಂಕ ಈಚಿನದು. 2022ರ ಜೂನ್ 24ರಂದು ಅಮೆರಿಕದ ಸುಪ್ರೀಂ ಕೋರ್ಟು ಗರ್ಭಪಾತದ ಹಕ್ಕಿನ ತನ್ನ ಹಳೆಯ ತೀರ್ಪನ್ನು ತಿರುಗಿಸಿತು. ಬಹುಮತದ ತೀರ್ಪು ತನ್ನ ಮಾತು ಗರ್ಭಪಾತಕ್ಕೆ ಮಾತ್ರ ಎಂದಿತು; ಆದರೆ ನ್ಯಾಯಮೂರ್ತಿ ಥಾಮಸ್ ತಮ್ಮ ಪ್ರತ್ಯೇಕ ಅಭಿಪ್ರಾಯದಲ್ಲಿ 2003ರ ಈ ತೀರ್ಪನ್ನೂ ಮರುಪರಿಶೀಲಿಸಬೇಕೆಂದು ಬರೆದರು. ಹಳೆಯ ತೀರ್ಪು ಬಿದ್ದ ದಿನವೇ ವಿಸ್ಕಾನ್ಸಿನ್ ರಾಜ್ಯದಲ್ಲಿ ಏನಾಯಿತೆಂದು ನೋಡಿ. ಅಲ್ಲಿ 1849ರ ಒಂದು ಕಾನೂನನ್ನು ಯಾರೂ ಅಳಿಸದೆ ಪುಸ್ತಕದಲ್ಲಿ ಬಿಟ್ಟಿದ್ದರು. ಅದು ಮತ್ತೆ ಜೀವ ಪಡೆಯಿತೆಂಬ ಭಯಕ್ಕೆ ಅಲ್ಲಿನ ವೈದ್ಯರು ಒಂದು ವರ್ಷಕ್ಕೂ ಮೇಲ್ಪಟ್ಟು ಗರ್ಭಪಾತ ಸೇವೆಯನ್ನೇ ನಿಲ್ಲಿಸಿದರು. ನ್ಯಾಯಾಲಯದ ತೀರ್ಪು ಕಾನೂನಿನ ಮೇಲೆ ಇಟ್ಟ ಕಲ್ಲು. ಕಲ್ಲನ್ನು ಎತ್ತಿದರೆ ಕೆಳಗೆ ಕಾನೂನು ಹಾಗೆಯೇ ಇರುತ್ತದೆ. ಇದನ್ನು ಅರಿತ ಮಿನೆಸೋಟ, ಮೇರಿಲ್ಯಾಂಡ್ ರಾಜ್ಯಗಳು 2023ರಲ್ಲಿ ತಮ್ಮ ಹಳೆಯ ಕಲಂಗಳನ್ನು ಶಾಸನಸಭೆಯಲ್ಲೇ ತೆಗೆದುಹಾಕಿದವು.

ಇಲ್ಲಿಯ ಮಾತು. ನಮ್ಮ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ 2018ರ ಸೆಪ್ಟೆಂಬರ್ 6ರಂದು, ವಯಸ್ಕರು ಒಪ್ಪಿ ನಡೆಸುವ ಖಾಸಗಿ ಸಂಬಂಧಕ್ಕೆ, ‘ಪ್ರಕೃತಿಗೆ ವಿರುದ್ಧ’ವಾದ ಲೈಂಗಿಕ ಸಂಪರ್ಕವನ್ನು ಶಿಕ್ಷಿಸುತ್ತಿದ್ದ ಭಾರತೀಯ ದಂಡ ಸಂಹಿತೆಯ 377ನೇ ಕಲಂ ಅನ್ವಯಿಸದೆಂದು ಒಮ್ಮತದಿಂದ ಹೇಳಿತು. ಆ ದಂಡ ಸಂಹಿತೆಯ ಜಾಗಕ್ಕೆ 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಆ ಕಲಮೇ ಇಲ್ಲ. ಇಬ್ಬರು ವಯಸ್ಕ ಗಂಡಸರು ಲಾಡ್ಜಿನಲ್ಲಿ ಒಂದೇ ಕೋಣೆ ಹಿಡಿಯುವುದನ್ನು ತಡೆಯುವ ಕಾನೂನೂ ಇಲ್ಲ. ಅವರು ಅಲ್ಲಿ ಮದುವೆಯಾಗಿದ್ದರೆ ಆ ಮದುವೆಗೆ ಇಲ್ಲಿ ಮಾನ್ಯತೆ ಸಿಗುವುದಿಲ್ಲ. 2023ರ ಅಕ್ಟೋಬರ್ 17ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಅದನ್ನು ಸಂಸತ್ತಿನ ವಿವೇಚನೆಗೆ ಬಿಟ್ಟಿದೆ. ಅವರು ನಿಮ್ಮ ಮನೆಯಲ್ಲಿ ಇಳಿದುಕೊಳ್ಳುವುದಕ್ಕೂ ಇದಕ್ಕೂ ಯಾವ ಸಂಬಂಧವೂ ಇಲ್ಲ.

ಪ್ರಶ್ನೆ: ನಾನು ಮೈಸೂರಿನಲ್ಲಿ ಕಾನೂನು ಓದುತ್ತಿರುವ ವಿದ್ಯಾರ್ಥಿ. 150ಕ್ಕೂ ಹೆಚ್ಚು ವರ್ಷಗಳಲ್ಲಿ 377ನೇ ಕಲಮಿನಡಿ ಮೊಕದ್ದಮೆಗೆ ಗುರಿಯಾದವರು 200ಕ್ಕಿಂತ ಕಡಿಮೆ ಎಂದು 2013ರ ಸುಪ್ರೀಂ ಕೋರ್ಟ್ ತೀರ್ಪು ಹೇಳಿದೆ. ಬಳಕೆಯಲ್ಲೇ ಇಲ್ಲದ ಕಾನೂನಿನಿಂದ ಯಾರಿಗೆ ನಷ್ಟವಾಗಿತ್ತು? ತರಗತಿಯ ಚರ್ಚೆಯಲ್ಲಿ ನನಗೆ ಉತ್ತರ ಕೊಡಲಾಗಲಿಲ್ಲ.

ಉತ್ತರ: 2013ರ ಡಿಸೆಂಬರ್ 11ರ ತೀರ್ಪು ಆ ಸಂಖ್ಯೆಯನ್ನೂ ಒಂದು ಆಧಾರವಾಗಿ ಹಿಡಿದಿತ್ತು. ವಯಸ್ಕರು ಒಪ್ಪಿ ನಡೆಸುವ ಸಲಿಂಗ ಸಂಬಂಧ ಅಪರಾಧವಲ್ಲವೆಂದು ದೆಹಲಿ ಹೈಕೋರ್ಟು 2009ರ ಜುಲೈ 2ರಂದು ಕೊಟ್ಟಿದ್ದ ಬಿಡುಗಡೆಯನ್ನು ಅದು ಕಿತ್ತುಕೊಂಡಿತು. ಇಂಥವರು ಜನಸಂಖ್ಯೆಯ ಅತಿ ಸಣ್ಣ ಅಂಶ ಎಂದೂ ಹೇಳಿತು. ಕಾನೂನಿನ ವರದಿ ಪುಸ್ತಕಗಳಲ್ಲಿ ಅಚ್ಚಾದ ಪ್ರಕರಣಗಳನ್ನು ಎಣಿಸಿ ಒಂದು ಕಲಮಿನ ಭಾರವನ್ನು ಅಳೆಯುವುದು ತಪ್ಪು. ಏಕೆ ತಪ್ಪೆಂಬುದನ್ನು ನಾನು ಓದಿ ತಿಳಿದದ್ದಕ್ಕಿಂತ ಮುಂದೆ ಕುಳಿತವನೊಬ್ಬನಿಂದ ತಿಳಿದದ್ದು ಹೆಚ್ಚು.

2015ರಲ್ಲಿ ಒಂದು ಸಂಜೆ, ಕಚೇರಿ ಮುಚ್ಚುವ ಹೊತ್ತಿಗೆ, ಬಟ್ಟೆ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವ ಯುವಕನೊಬ್ಬ ಬಂದ. ಇಪ್ಪತ್ತಾರರ ಆಸುಪಾಸು. ಅಂಗಿಯ ಜೇಬಿನಿಂದ ಚಿಕ್ಕ ಡೈರಿ ತೆಗೆದು ಮೇಜಿನ ಮೇಲಿಟ್ಟ. ಹಿಂದಿನ ಪುಟಗಳಲ್ಲಿ, ಲೆಕ್ಕದವರ ಅಂದವಾದ ಅಕ್ಷರದಲ್ಲಿ, ಪ್ರತಿ ತಿಂಗಳ ಐದನೇ ತಾರೀಖಿಗೆ “ಚೀಟಿ 1,500” ಎಂದು ಬರೆದಿತ್ತು. ಹತ್ತೊಂಬತ್ತು ತಿಂಗಳು. ಮನೆಯಲ್ಲಿ ಅಕ್ಕ ಡೈರಿ ನೋಡುತ್ತಾರೆಂದು ಹಾಗೆ ಬರೆದಿದ್ದ. ಚೀಟಿ ಇರಲಿಲ್ಲ. ಅವನನ್ನು ಇನ್ನೊಬ್ಬನ ಜೊತೆ ನೋಡಿದ್ದ ಪರಿಚಿತನೊಬ್ಬ “ತ್ರೀ ಸೆವೆಂಟಿ ಸೆವೆನ್ ಹಾಕಿಸ್ತೀನಿ” ಎಂದು ಹೆದರಿಸಿ ಹಣ ವಸೂಲು ಮಾಡುತ್ತಿದ್ದ.

ಇಲ್ಲಿ ನೀವು ಗಮನಿಸಬೇಕಾದ ಒಂದು ವಿಷಯವಿದೆ, ನಿಮ್ಮ ಪರೀಕ್ಷೆಗೂ ಬೇಕಾದೀತು. ದಂಡ ಸಂಹಿತೆಯ 388 ಮತ್ತು 389ನೇ ಕಲಂಗಳು, ಅಪರಾಧದ ಆಪಾದನೆ ಹೊರಿಸುವುದಾಗಿ ಹೆದರಿಸಿ ಸುಲಿಗೆ ಮಾಡುವುದಕ್ಕೆ ಸಂಬಂಧಿಸಿದವು. ಸಾಮಾನ್ಯವಾಗಿ ಅದಕ್ಕೆ ಹತ್ತು ವರ್ಷಗಳವರೆಗೆ ಸೆರೆವಾಸ. ಆದರೆ ಹೆದರಿಸಲು ಬಳಸಿದ ಅಪರಾಧ 377ನೇ ಕಲಮಿನದಾಗಿದ್ದರೆ ಜೀವಾವಧಿಯವರೆಗೂ ಶಿಕ್ಷೆ ಕೊಡಬಹುದೆಂದು ಆ ಕಲಂಗಳಲ್ಲಿಯೇ ಬರೆದಿತ್ತು. 1860ರಲ್ಲಿ ಸಂಹಿತೆಯನ್ನು ಬರೆದವರಿಗೇ ಗೊತ್ತಿತ್ತು, ಈ ಕಲಂ ಸುಲಿಗೆಗಾರರ ಕೈಗೆ ಸಿಗುವ ಆಯುಧ ಎಂದು! ಗೊತ್ತಿದ್ದೂ ಕಲಮನ್ನು ಬಿಡಲಿಲ್ಲ. ಅದರ ದುರುಪಯೋಗಕ್ಕೆ ಇನ್ನೊಂದು ಶಿಕ್ಷೆ ಬರೆದರು.

ನಾನು ಪುಸ್ತಕ ತೆಗೆದು 389ನ್ನು ಆ ಯುವಕನಿಗೆ ಓದಿ ಹೇಳಿದೆ. ಅವನು ಕೇಳಿಸಿಕೊಂಡು, “ಕಂಪ್ಲೇಂಟ್ ಕೊಟ್ಟರೆ, ಇಷ್ಟು ದಿನ ಹಣ ಯಾಕೆ ಕೊಟ್ಟೆ ಅಂತ ನನ್ನನ್ನೇ ಕೇಳ್ತಾರಲ್ಲ ಸಾರ್, ಅದಕ್ಕೆ ಏನು ಹೇಳಲಿ?” ಎಂದ. ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ರಕ್ಷಣೆ ಪಡೆಯಬೇಕಾದರೆ ತಾನು 377ರ ಅಪರಾಧಿಯೆಂದು ಅವನು ಠಾಣೆಯಲ್ಲಿ ಒಪ್ಪಿಕೊಂಡಂತಾಗಬೇಕಿತ್ತು, ಆ ಕಲಮಿಗೆ ಆಗ ಜೀವಾವಧಿ ಶಿಕ್ಷೆಯವರೆಗೂ ಅವಕಾಶವಿತ್ತು. ಅವನು ಡೈರಿಯನ್ನು ಜೇಬಿಗೆ ಹಾಕಿಕೊಂಡು ಹೋದ, ಮತ್ತೆ ಬರಲಿಲ್ಲ. ಎಫ್‌ಐಆರ್ ಇಲ್ಲ, ಆರೋಪ ಪಟ್ಟಿ ಇಲ್ಲ, ತೀರ್ಪು ಇಲ್ಲ. 200ರೊಳಗೆ ಅವನು ಸೇರಿಲ್ಲ, ಸೇರುವುದೂ ಇಲ್ಲ. ಹಾಗೆ ಎಣಿಕೆಗೆ ಸಿಗದೆ ಹಣ ಕೊಟ್ಟವರು, ಊರು ಬಿಟ್ಟವರು, ಮನೆಯವರ ಒತ್ತಾಯಕ್ಕೆ ಮದುವೆಯಾಗಿ ಇನ್ನೊಂದು ಜೀವವನ್ನೂ ನೋಯಿಸಿದವರು ಎಷ್ಟು ಮಂದಿಯೋ.

2018ರ ತೀರ್ಪಿನಲ್ಲಿ ನ್ಯಾಯಮೂರ್ತಿ ಇಂದು ಮಲ್ಹೋತ್ರಾ ಅವರು, ಈ ಜನರಿಗೂ ಇವರ ಕುಟುಂಬಗಳಿಗೂ ಇತಿಹಾಸ ಕ್ಷಮೆ ಕೇಳಬೇಕಾಗಿದೆ ಎಂದು ಬರೆದದ್ದನ್ನು ಓದುವಾಗ ನನಗೆ ಆ ಡೈರಿಯೇ ನೆನಪಾಯಿತು. ಆ ತೀರ್ಪಿಗೆ ದಾರಿಯಾದದ್ದು 2017ರ ಆಗಸ್ಟ್ 24ರ ಖಾಸಗಿತನದ ಹಕ್ಕಿನ ತೀರ್ಪು. ಆ ಮೊಕದ್ದಮೆ ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ಆಧಾರ್ ಯೋಜನೆಯನ್ನು ಪ್ರಶ್ನಿಸಿ ನಮ್ಮವರೊಬ್ಬರು ಇಳಿವಯಸ್ಸಿನಲ್ಲಿ ಹಾಕಿದ ಅರ್ಜಿ ಇಷ್ಟು ದೂರದವರೆಗೆ ಬೆಳಕು ಕೊಟ್ಟಿತು. ಚರ್ಚೆ ಮುಂದುವರಿದರೆ ಇದನ್ನೂ ತರಗತಿಯಲ್ಲಿ ಹೇಳಿ.

ಪ್ರಶ್ನೆ: ನಾನು ಶ್ರೀರಂಗಪಟ್ಟಣದ ಹಿರಿಯ ನಾಗರಿಕ. ಯಾರನ್ನೂ ಜೈಲಿಗೆ ಹಾಕಬೇಕೆಂಬುದು ನನ್ನ ಆಸೆಯಲ್ಲ. ಆದರೆ ಸಮಾಜದ ಬಹುಪಾಲು ಜನರ ನಂಬಿಕೆಯ ಗುರುತಾಗಿ ಇಂಥ ಕಾನೂನು ಪುಸ್ತಕದಲ್ಲಿ ಇರಲಿ, ಜಾರಿ ಮಾಡುವುದು ಬೇಡ ಎಂದರೆ ಎರಡೂ ಕಡೆಯವರಿಗೂ ಸಮಾಧಾನವಾಗುವುದಿಲ್ಲವೆ?

ಉತ್ತರ: ತಮ್ಮ ಪತ್ರದಲ್ಲಿ ದ್ವೇಷವಿಲ್ಲ, ಅದಕ್ಕಾಗಿ ಕೃತಜ್ಞ. ತಾವು ಹೇಳಿದ ಸಮಾಧಾನದ ದಾರಿಯನ್ನು ಒಂದು ದೇಶ ನಿಜವಾಗಿಯೂ ನಡೆದು ನೋಡಿದೆ. ಸಿಂಗಪುರದಲ್ಲಿಯೂ ಬ್ರಿಟಿಷರು ಬಿಟ್ಟುಹೋದ 377ನೇ ಕಲಂ ಇತ್ತು. ಗಂಡಸರ ನಡುವಿನ ಸಂಬಂಧಕ್ಕೆ 377ಎ ಎಂಬ ಬೇರೊಂದು ಕಲಂ ಇತ್ತು. 2007ರಲ್ಲಿ ಅವರು ಮೊದಲನೆಯದನ್ನು ತೆಗೆದು ಎರಡನೆಯದನ್ನು ಉಳಿಸಿಕೊಂಡರು, ತಾವಾಗಿ ಜಾರಿ ಮಾಡುವುದಿಲ್ಲವೆಂದು ಸರ್ಕಾರ ಮಾತು ಕೊಟ್ಟಿತು. ಹದಿನೈದು ವರ್ಷ ಅದು ಯಾರಿಗೂ ಸಮಾಧಾನ ಕೊಡಲಿಲ್ಲ. ಮೊಕದ್ದಮೆಗಳ ಮೇಲೆ ಮೊಕದ್ದಮೆ ಬಂದವು. 2022ರ ಫೆಬ್ರವರಿಯಲ್ಲಿ ಅಲ್ಲಿನ ಮೇಲ್ಮನವಿ ನ್ಯಾಯಾಲಯ ಆ ಕಲಂ ಜಾರಿಗೆ ಅರ್ಹವೇ ಅಲ್ಲವೆಂದಿತು. ಅದೇ ವರ್ಷದ ನವೆಂಬರ್ 29ರಂದು ಸಂಸತ್ತು ಅದನ್ನು ರದ್ದು ಮಾಡಿತು. ಐರೋಪ್ಯ ಮಾನವ ಹಕ್ಕುಗಳ ನ್ಯಾಯಾಲಯವಂತೂ 1981ರಲ್ಲೇ, ಉತ್ತರ ಐರ್ಲೆಂಡಿನ ಪ್ರಕರಣವೊಂದರಲ್ಲಿ, ಮೊಕದ್ದಮೆ ಹೂಡದಿದ್ದರೂ ಇಂಥ ಕಾನೂನು ಇರುವುದೇ ವ್ಯಕ್ತಿಯ ಖಾಸಗಿ ಬದುಕಿನ ಮೇಲೆ ನಿರಂತರ ಹಸ್ತಕ್ಷೇಪವೆಂದು ಹೇಳಿತ್ತು.

ಗುರುತಿಗಾಗಿ ಇಟ್ಟ ಕಾನೂನು ಗುರುತಾಗಿಯೇ ಉಳಿಯುವುದಿಲ್ಲ, ಏಕೆಂದರೆ ಅದನ್ನು ಓದುವವರು ತಾವೂ ನಾನೂ ಮಾತ್ರವಲ್ಲ. ನಾನು ಕಿರಿಯ ವಕೀಲನಾಗಿ ಸೇರಿದಾಗ, ತಿದ್ದುಪಡಿ ಬಂದಾಗಲೆಲ್ಲ ಹಿರಿಯರ ಪುಸ್ತಕಗಳಿಗೆ ಚೀಟಿ ಕತ್ತರಿಸಿ ಗೋಂದು ಹಚ್ಚಿ ಅಂಟಿಸುವುದು ನಮ್ಮ ಶನಿವಾರದ ಕೆಲಸವಾಗಿತ್ತು. ಅವರ ಹಳೆಯ ದಂಡ ಸಂಹಿತೆಯಲ್ಲಿ 303ನೇ ಕಲಮಿನ ಮೇಲೆ ಕೆಂಪು ಪೆನ್ಸಿಲಿನಿಂದ ಓರೆಯಾಗಿ ಒಂದು ಗೆರೆ, ಅಂಚಿನಲ್ಲಿ “ಇಲ್ಲ” ಎಂಬ ಎರಡಕ್ಷರ. ಜೀವಾವಧಿ ಕೈದಿ ಕೊಲೆ ಮಾಡಿದರೆ ಕಡ್ಡಾಯವಾಗಿ ಮರಣದಂಡನೆ ಎನ್ನುತ್ತಿದ್ದ ಆ ಕಲಮನ್ನು ಸುಪ್ರೀಂ ಕೋರ್ಟು 1983ರಲ್ಲಿ ಹೊಡೆದುಹಾಕಿತ್ತು. ಆದರೂ ಸಂಹಿತೆ ಇರುವವರೆಗೆ, 2024ರವರೆಗೆ, ನಲವತ್ತು ವರ್ಷ ಅದು ಅಚ್ಚಾಗುತ್ತಲೇ ಇತ್ತು, ಕೆಳಗೆ ಸಣ್ಣಕ್ಷರದ ಒಂದು ಅಡಿಟಿಪ್ಪಣಿಯೊಂದಿಗೆ. ಹಿರಿಯರ ಪೆನ್ಸಿಲ್ ಎಲ್ಲರ ಪುಸ್ತಕವನ್ನೂ ಮುಟ್ಟಲಾರದಷ್ಟೆ.

ಅಡಿಟಿಪ್ಪಣಿಯನ್ನು ನೆಚ್ಚಿದರೆ ಏನಾಗುತ್ತದೆಂಬುದಕ್ಕೆ ಇಂಟರ್ನೆಟ್ಟಿನಲ್ಲಿ ಆಕ್ಷೇಪಾರ್ಹ ಸಂದೇಶ ಕಳುಹಿಸುವುದನ್ನು ಶಿಕ್ಷಿಸುತ್ತಿದ್ದ, ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಕಲಂ ಸಾಕ್ಷಿ. 2015ರ ಮಾರ್ಚ್ 24ರಂದು ಅದು ಬಿತ್ತು. 2021ರಲ್ಲಿಯೂ ದೇಶದ ಠಾಣೆಗಳಲ್ಲಿ ಅದರಡಿ ಪ್ರಕರಣಗಳು ದಾಖಲಾಗುತ್ತಿರುವುದು ಸುಪ್ರೀಂ ಕೋರ್ಟಿನ ಗಮನಕ್ಕೆ ಬಂದಾಗ ನ್ಯಾಯಮೂರ್ತಿಗಳು ದಿಗ್ಭ್ರಮೆಗೊಂಡರು. ಪುಸ್ತಕದಲ್ಲಿ ಕಲಂ ಹಾಗೆಯೇ ಇದೆ, ಹೊಡೆದುಹಾಕಿದ್ದು ಅಡಿಟಿಪ್ಪಣಿಯಲ್ಲಿ ಮಾತ್ರ ಇದೆ, ಠಾಣೆಯ ಅಧಿಕಾರಿ ಕಲಮನ್ನು ನೋಡುತ್ತಾನೆ, ಅಡಿಟಿಪ್ಪಣಿ ನೋಡುವುದಿಲ್ಲ ಎಂದು ಅಟಾರ್ನಿ ಜನರಲ್ ಅವರೇ ಅಂದು ನ್ಯಾಯಾಲಯಕ್ಕೆ ವಿವರಿಸಬೇಕಾಯಿತು. ಕಡೆಗೆ 2022ರ ಅಕ್ಟೋಬರಿನಲ್ಲಿ ಯಾರನ್ನೂ ಆ ಕಲಮಿನಡಿ ವಿಚಾರಣೆಗೆ ಒಳಪಡಿಸಬಾರದೆಂದು ಮತ್ತೊಮ್ಮೆ ಆದೇಶ ಬಂತು. ಒಂದೇ ಕಾನೂನನ್ನು ಎರಡು ಸಲ ಸಾಯಿಸಬೇಕಾಯಿತು.

ನಮ್ಮ ರಾಜ್ಯದಲ್ಲಿಯೂ ಕೆಲಸ ಉಳಿದಿತ್ತು. ಕರ್ನಾಟಕ ಪೊಲೀಸ್ ಕಾಯ್ದೆಗೆ 2011ರಲ್ಲಿ 36ಎ ಎಂಬ ಕಲಂ ಸೇರಿಸಿ, ಗಂಡುಮಕ್ಕಳ ಅಪಹರಣ, ‘ಅಸ್ವಾಭಾವಿಕ ಅಪರಾಧ’ಗಳ ಶಂಕೆಯ ಹೆಸರಿನಲ್ಲಿ ಹಿಜಡಾ ಸಮುದಾಯದವರ ಹೆಸರು, ವಿಳಾಸಗಳ ಪಟ್ಟಿ ಇಡಲು ಪೊಲೀಸರಿಗೆ ಅಧಿಕಾರ ಕೊಡಲಾಗಿತ್ತು. ಸಮುದಾಯದವರು ಹೈಕೋರ್ಟಿಗೆ ಹೋದ ಮೇಲೆ, 2016ರ ತಿದ್ದುಪಡಿಯಲ್ಲಿ ಸಮುದಾಯವನ್ನು ಹೆಸರಿಸಿದ ಪದವನ್ನು ತೆಗೆದು ‘ವ್ಯಕ್ತಿ’ ಎಂದು ಹಾಕಿದರು. 1871ರ ಕ್ರಿಮಿನಲ್ ಬುಡಕಟ್ಟುಗಳ ಕಾಯ್ದೆಯಲ್ಲಿ ಬ್ರಿಟಿಷರು ಇಂಥವರ ಪಟ್ಟಿ ಇಡಲು ಬರೆದಿದ್ದ ಮಾತುಗಳು 140 ವರ್ಷಗಳ ನಂತರ ವಿಧಾನಸೌಧದಿಂದ ಮತ್ತೆ ಹೊರಬಂದವೆಂದರೆ, ಹಳೆಯ ಕಾನೂನಿನ ಮಾತುಗಳನ್ನು ಬೇರುಸಹಿತ ತೆಗೆಯದಿದ್ದರೆ ಏನಾಗುತ್ತದೆಂದು ತಮ್ಮಂಥ ಹಿರಿಯರಿಗೆ ನಾನು ವಿವರಿಸಬೇಕಿಲ್ಲ.

ತಮ್ಮ ನಂಬಿಕೆಯನ್ನು ತಾವು ಮನೆಯಲ್ಲಿ, ಗುಡಿಯಲ್ಲಿ, ಮಕ್ಕಳಿಗೆ ಹೇಳುವ ಮಾತಿನಲ್ಲಿ ಇಟ್ಟುಕೊಳ್ಳಲು ಯಾವ ಅಡ್ಡಿಯೂ ಇಲ್ಲ. ಅದಕ್ಕೆ ದಂಡ ಸಂಹಿತೆಯ ಆಸರೆ ಬೇಡವೆಂಬುದಷ್ಟೇ ನನ್ನ ವಿನಂತಿ.

ಪ್ರಶ್ನೆ: ನಾನು ಮೈಸೂರಿನಲ್ಲಿ ಆಪ್ತಸಮಾಲೋಚಕಿ. ಲೈಂಗಿಕ ದೌರ್ಜನ್ಯಕ್ಕೆ ಒಳಗಾದ ಇಪ್ಪತ್ತೆರಡು ವರ್ಷದ ಯುವಕನೊಬ್ಬ ನನ್ನ ಬಳಿ ಬಂದಿದ್ದ. ಠಾಣೆಯೊಂದರಲ್ಲಿ “377 ಹೋಯಿತಲ್ಲ, ಈಗ ಯಾವ ಸೆಕ್ಷನ್ ಹಾಕಲಿ?” ಎಂದು ಕೇಳಿ ಕಳುಹಿಸಿದರು. 377 ಹೋದದ್ದು ಒಳ್ಳೆಯದೆಂದೇ ನಾವೆಲ್ಲ ತಿಳಿದಿದ್ದೆವಲ್ಲವೆ?

ಉತ್ತರ: ಹೋಗಬೇಕಾದದ್ದು ಹೋಯಿತು. ಅದರ ಜೊತೆಗೆ ಇರಬೇಕಾದದ್ದೂ ಹೋಯಿತು. 2018ರ ತೀರ್ಪು 377ನ್ನು ಪೂರ್ತಿಯಾಗಿ ಹೊಡೆದುಹಾಕಿರಲಿಲ್ಲ. ಒಪ್ಪಿಗೆಯಿಲ್ಲದ ಕೃತ್ಯಗಳಿಗೆ, ಮಕ್ಕಳ ಮೇಲಿನ ಮತ್ತು ಪ್ರಾಣಿಗಳ ಮೇಲಿನ ಕೃತ್ಯಗಳಿಗೆ ಅದನ್ನು ಉಳಿಸಿತ್ತು. ನ್ಯಾಯ ಸಂಹಿತೆ ಬರೆಯುವಾಗ ಆ ಉಳಿದ ಭಾಗವನ್ನೂ ಬಿಟ್ಟುಬಿಟ್ಟರು, ಉಳಿಸಿಕೊಳ್ಳಿ ಎಂದು 2023ರ ನವೆಂಬರಿನಲ್ಲಿ ಸಂಸದೀಯ ಸ್ಥಾಯಿ ಸಮಿತಿ ಶಿಫಾರಸು ಮಾಡಿದ್ದರೂ. ಅತ್ಯಾಚಾರದ ಕಲಮಾದ 63 ಗಂಡಸು ಹೆಂಗಸಿನ ಮೇಲೆ ಎಸಗುವ ಕೃತ್ಯಕ್ಕೆ ಮಾತ್ರ. ಹದಿನೆಂಟರೊಳಗಿನವರಿಗೆ, ಗಂಡಾಗಲಿ ಹೆಣ್ಣಾಗಲಿ, 2012ರ ಪೋಕ್ಸೊ ಕಾಯ್ದೆಯಿದೆ. ಲಿಂಗತ್ವ ಅಲ್ಪಸಂಖ್ಯಾತರಿಗೆ 2019ರ ಕಾಯ್ದೆಯ 18ನೇ ಕಲಮಿದೆ, ಆದರೆ ಅದರ ಗರಿಷ್ಠ ಶಿಕ್ಷೆ ಎರಡೇ ವರ್ಷ. ವಯಸ್ಕ ಗಂಡಸಿಗೆ ನೇರವಾದ ಕಲಂ ಇಲ್ಲ. ವಿಚಿತ್ರವೆಂದರೆ, ಅಪಹರಣಕ್ಕೆ ಸಂಬಂಧಿಸಿದ 140ನೇ ಕಲಮಿನ 4ನೇ ಉಪಕಲಮಿನಲ್ಲಿ ‘ಅಸ್ವಾಭಾವಿಕ ಕಾಮ’ಕ್ಕಾಗಿ ಕದ್ದೊಯ್ಯುವುದು ಇಂದಿಗೂ ಅಪರಾಧ. ಕದ್ದೊಯ್ದರೆ ಅಪರಾಧ, ಅಲ್ಲಿ ಎಸಗಿದ ಕೃತ್ಯಕ್ಕೆ ತಕ್ಕ ಹೆಸರಿಲ್ಲ.

ಈ ಕೊರತೆಯನ್ನು ದೆಹಲಿ ಹೈಕೋರ್ಟು 2024ರ ಆಗಸ್ಟಿನಲ್ಲಿ ಎತ್ತಿ ಹೇಳಿ, ಬೇಗ ತೀರ್ಮಾನಿಸಿ ಎಂದು ಕೇಂದ್ರ ಸರ್ಕಾರಕ್ಕೆ ಸೂಚಿಸಿತು. ಹೊಸ ಅಪರಾಧವನ್ನು ಸೃಷ್ಟಿಸುವುದು ನ್ಯಾಯಾಲಯದ ಕೆಲಸವಲ್ಲ, ಸಂಸತ್ತಿನದು ಎಂದು ಸುಪ್ರೀಂ ಕೋರ್ಟೂ ಹೇಳಿದೆ. ಹಳೆಯ ಗೋಡೆ ಕೆಡವುವಾಗ ತೊಲೆ ಯಾವುದೆಂದು ನೋಡಿ ಕೆಡವಬೇಕಿತ್ತು. ಹಾಗೆಂದು 377ನ್ನೇ ವಾಪಸು ತನ್ನಿ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ‘ಪ್ರಕೃತಿಗೆ ವಿರುದ್ಧ’ ಎಂಬ ಪದವೇ ಇರದ, ಒಪ್ಪಿಗೆ ಇತ್ತೆ ಇರಲಿಲ್ಲವೆ ಎಂಬುದನ್ನು ಮಾತ್ರ ಕೇಳುವ, ನೊಂದವರು ಯಾವ ಲಿಂಗದವರೆಂದು ನೋಡದ ಕಲಂ ಬೇಕು.

ಈ ಯುವಕನ ವಿಷಯದಲ್ಲಿ, ಠಾಣೆಯವರು ವಾಪಸು ಕಳುಹಿಸಿದ್ದು ತಪ್ಪು. ನ್ಯಾಯ ಸಂಹಿತೆಯಲ್ಲಿ ಗಾಯಗೊಳಿಸಿದ್ದಕ್ಕೆ 115 ಅಥವಾ 117, ಕೂಡಿಹಾಕಿದ್ದರೆ 127, ಕರೆದೊಯ್ದು ಮಾಡಿದ್ದರೆ 140ನೇ ಕಲಂಗಳಡಿ ದೂರು ದಾಖಲಿಸಿಕೊಳ್ಳಲು ಸಾಧ್ಯವಿದೆ. ಠಾಣೆಯಲ್ಲಿ ಒಪ್ಪದಿದ್ದರೆ ದೂರನ್ನು ಅಂಚೆಯ ಮೂಲಕ ಪೊಲೀಸ್ ವರಿಷ್ಠಾಧಿಕಾರಿಗೆ, ನಗರದೊಳಗಾದರೆ ಆಯುಕ್ತರ ಕಚೇರಿಗೆ ಕಳುಹಿಸಿ. ಅಲ್ಲಿಯೂ ಆಗದಿದ್ದರೆ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಕೊಡಬಹುದು. ವೈದ್ಯಕೀಯ ಪರೀಕ್ಷೆಯನ್ನು ತಡಮಾಡಬೇಡಿ, ಉಟ್ಟಿದ್ದ ಬಟ್ಟೆಯನ್ನು ಒಗೆಯದೆ ಕಾಗದದ ಚೀಲದಲ್ಲಿ ಇಡಿ. ಅವನೊಬ್ಬನನ್ನೇ ಠಾಣೆಗೆ ಕಳುಹಿಸಬೇಡಿ, ನೀವು ಜೊತೆಗೆ ಹೋಗಿ.

ಪ್ರಶ್ನೆ: 2017ರಲ್ಲಿ ನನ್ನ ಮೇಲೆ ಮತ್ತು ನನ್ನ ಸ್ನೇಹಿತನ ಮೇಲೆ 377ನೇ ಕಲಮಿನಡಿ ದಾಖಲಾದ ಪ್ರಕರಣ ಇನ್ನೂ ಬಾಕಿ ಇದೆ. ಇಬ್ಬರೂ ವಯಸ್ಕರು, ಯಾರ ಬಲವಂತವೂ ಇರಲಿಲ್ಲ. ಪ್ರತಿ ಸಲ ದಿನಾಂಕ ಮುಂದೂಡುತ್ತಾರೆ. ಕಾನೂನೇ ಹೋದ ಮೇಲೆ ಕೇಸೂ ತಾನಾಗಿ ಹೋಗುವುದಿಲ್ಲವೆ? ಮಂಡ್ಯ ಜಿಲ್ಲೆ.

ಉತ್ತರ: ತಾನಾಗಿ ಹೋಗುವುದಿಲ್ಲ. ಹಳೆಯ ಸಂಹಿತೆ ರದ್ದಾದರೂ ಅದರ ಕಾಲದ ಪ್ರಕರಣಗಳು ಹಳೆಯ ಕಾನೂನಿನಡಿಯೇ ಮುಂದುವರಿಯುತ್ತವೆಂದು ನ್ಯಾಯ ಸಂಹಿತೆಯ 358ನೇ ಕಲಂ ಹೇಳುತ್ತದೆ. ಆದರೆ 2018ರ ತೀರ್ಪಿನಲ್ಲಿಯೇ ನಿಮಗೆ ಬೇಕಾದ ಮಾತಿದೆ. ಮುಗಿದುಹೋದ ಪ್ರಕರಣಗಳನ್ನು ಅದು ಮತ್ತೆ ತೆರೆಯುವುದಿಲ್ಲ. ವಿಚಾರಣೆ, ಮೇಲ್ಮನವಿ, ಪುನರೀಕ್ಷಣೆ ಯಾವ ಹಂತದಲ್ಲಿ ಬಾಕಿಯಿದ್ದರೂ ಆ ತೀರ್ಪಿನ ಲಾಭ ಪಡೆಯಬಹುದು. ಎಫ್‌ಐಆರ್ ಮತ್ತು ಆರೋಪ ಪಟ್ಟಿಯ ದೃಢೀಕೃತ ನಕಲುಗಳನ್ನು ನ್ಯಾಯಾಲಯದ ನಕಲು ವಿಭಾಗದಿಂದ ಪಡೆದು, ಬೇರೆ ಯಾವ ಕಲಂಗಳನ್ನು ಜೊತೆಗೆ ಸೇರಿಸಿದ್ದಾರೆಂದು ಮೊದಲು ನೋಡಿ. 377 ಒಂದೇ ಇದ್ದರೆ, ಪ್ರಕರಣವನ್ನು ರದ್ದುಗೊಳಿಸುವಂತೆ ಬೆಂಗಳೂರಿನ ಹೈಕೋರ್ಟಿನಲ್ಲಿ ಅರ್ಜಿ ಹಾಕಿಸಿ. ವಕೀಲರ ಶುಲ್ಕ ಭರಿಸಲಾಗದಿದ್ದರೆ ನಿಮ್ಮ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ವಿಚಾರಿಸಿ. ಆದಾಯದ ಮಿತಿಯೊಳಗಿದ್ದರೆ ಉಚಿತ ನೆರವು ಸಿಗುತ್ತದೆ. ಅದು ಇತ್ಯರ್ಥವಾಗುವವರೆಗೆ ಒಂದು ದಿನಾಂಕಕ್ಕೂ ಗೈರುಹಾಜರಾಗಬೇಡಿ, ಏಕೆಂದರೆ ಕಲಂ ಸತ್ತಿದ್ದರೂ ಗೈರಿಗೆ ಹೊರಡುವ ವಾರಂಟ್ ಜೀವಂತವಾಗಿರುತ್ತದೆ. ಕಾಗದಪತ್ರಗಳನ್ನು ಪತ್ರಿಕೆಯ ವಿಳಾಸಕ್ಕೆ ಕಳುಹಿಸಿದರೆ ನಾನು ಓದಿ, ಅರ್ಜಿಯ ಕರಡನ್ನು ನಿಮ್ಮ ವಕೀಲರಿಗೆ ಬರೆದುಕೊಡುತ್ತೇನೆ.